ಮುಚ್ಚಳದ ಒಳಬದಿ

ಮಾರ್ಚ್ ೪

ಫ್ಯೂಸು,

ನನ್ನ ಕೈಯಲ್ಲಿ ಕಾಗದ ಬರೆಸುವ ಬುದ್ಧಿ ನಿನಗೆ ಯಾರು ಕೊಟ್ಟರೇ? ಆರನೇ ಕ್ಲಾಸಿಗೇ ಪುಸ್ತಕ ಕಟ್ಟಿಟ್ಟು ಬಂದವಳು ನಾನು. ಸ್ಕ್ರೂಡ್ರೈವರ್ ಹಿಡಿದರೆ ಅಲುಗದ ಕೈ ಪೆನ್ನು ಹಿಡಿದರೆ ಬೆವರುತ್ತದೆ. ಇದು ಮೂರನೇ ಹಾಳೆ. ಮೊದಲಿನ ಎರಡನ್ನು ಹರಿದು ಒಲೆಗೆ ಹಾಕಿದೆ.

ಫೋನಿನಲ್ಲಿ ಎರಡು ನಿಮಿಷಕ್ಕೆ ಮುಗಿಯುವ ಮಾತು ಇದು. ಆದರೆ ನೀನು ಫೋನ್ ಎತ್ತುವುದಿಲ್ಲ. "ಫೋನಿನಲ್ಲಿ ನೀವು ಕೂಗುತ್ತೀರಿ, ನಾನು ಅಳುತ್ತೇನೆ, ಕೇಳಬೇಕಾದ್ದು ಅಲ್ಲೇ ಉಳಿಯುತ್ತದೆ. ಬರೆದು ಸಹಿ ಹಾಕಿ ಕಳಿಸಿ ಅತ್ತೆ" ಎಂದು ನಾಲ್ಕು ಸಾಲು ಗೀಚಿ ಕಳಿಸಿದ್ದೀಯ. ನಾನು ಕೂಗುವುದಿಲ್ಲ. ನನಗೆ ಎಡಗಿವಿ ಕೇಳುವುದಿಲ್ಲ, ಅಷ್ಟೇ.

ಮೂರು ವರ್ಷದ ಹಿಂದೆ ನಿನ್ನ ಲ್ಯಾಬಿನ ಮೈಕ್ರೋವೇವ್ ಓವನ್ ಕೆಟ್ಟಾಗ ನಾನು ಏನು ಬದಲಿಸಿದೆ ಅಂತ ತಾನೇ ಕೇಳಿರುವುದು? ಅವತ್ತೇ ಚೀಟಿ ಬರೆದುಕೊಟ್ಟಿದ್ದೇನಲ್ಲ. "ಓವನ್ ರಿಪೇರಿ ಆಗಿದೆ. ಹೊಸ ಪಾರ್ಟ್ ಹಾಕಿದೆ. ನೀರಿಟ್ಟು ನೋಡಿದೆ. ೮೦೦ ವ್ಯಾಟ್ ಸರಿಯಿದೆ." ಕೆಳಗೆ ನನ್ನ ಸಹಿ. ಅದನ್ನು ನಿನ್ನ ಗೈಡ್ ಮೇಡಂ ರೆಕಾರ್ಡ್ ಪುಸ್ತಕಕ್ಕೆ ಅಂಟಿಸಿದ್ದನ್ನು ನಾನೇ ಕಣ್ಣಾರೆ ನೋಡಿದೆ. ಚೀಟಿಯಲ್ಲಿ ಏನಿದೆಯೋ ಅದೇ. ಹತ್ತು ಸಲ ಕೇಳಿದರೆ ಹತ್ತು ಉತ್ತರ ಬರುತ್ತದೆಯೇ?

ನಿನ್ನ ಮಾವ ಹೋದಮೇಲೆ ಹನ್ನೊಂದು ವರ್ಷದಿಂದ ಈ ಅಂಗಡಿಯನ್ನು ನಾನೊಬ್ಬಳೇ ನಡೆಸುತ್ತಿದ್ದೇನೆ. ಮಿಕ್ಸಿ ತಂದವರು, ಓವನ್ ತಂದವರು, ಯಾರೂ ಇಷ್ಟು ದಿನ "ಕೊಟ್ಟ ಚೀಟಿ ಸಾಲದು, ಮತ್ತೆ ಬರೆದುಕೊಡಿ" ಅಂದಿರಲಿಲ್ಲ. ಮೊದಲು ಅಂದವಳು ನನ್ನ ಅಣ್ಣನ ಮಗಳು. ಸಂತೋಷ.

ನಿಮಗೆ ಹೊಸ ಯಂತ್ರ ಬಂದಮೇಲೆ ವಾಪಸು ಕಳಿಸಿದಿರಲ್ಲ, ಆ ಓವನ್ ಇಲ್ಲೇ ಮೇಜಿನ ಪಕ್ಕ ಇದೆ. ಅದರ ಮೇಲೆ ನನ್ನ ಊಟದ ಡಬ್ಬಿ ಇಡುತ್ತೇನೆ. ಅದರ ಪಾಡಿಗೆ ಅದು ಇದೆ. ನೀನೂ ನಿನ್ನ ಪಾಡಿಗೆ ಇರು.

ಆ ದಿನ ಮೇಡಂ ಎದುರಿಗೆ ನನ್ನನ್ನು ತೋರಿಸಿ ನೀನು ಏನಂದೆ ಅನ್ನುವುದು ನನಗೆ ನೆನಪಿದೆ. ಈಗ ಅದನ್ನು ಎತ್ತುವುದಿಲ್ಲ.

ಅತ್ತೆ


ಮಾರ್ಚ್ ೧೩

ಅತ್ತೆಗೆ,

ನೀವು ಬೈದದ್ದು ಓದಿ ಒಂದು ಗಳಿಗೆ ಹಾಯೆನಿಸಿತು. ಇಲ್ಲಿ ಯಾರೂ ಬೈಯುವುದಿಲ್ಲ. ನಾನು ಟೀ ಕುಡಿಯುವ ಕೋಣೆಗೆ ಕಾಲಿಟ್ಟರೆ ಎಲ್ಲರಿಗೂ ಒಮ್ಮೆಗೇ ಹವಾಮಾನದ ಚಿಂತೆ ಹತ್ತಿಕೊಳ್ಳುತ್ತದೆ.

ನಿಮ್ಮ ಮೇಲೆ ಅನುಮಾನಪಟ್ಟು ಕೇಳಿದ್ದಲ್ಲ. ಏನಾಗಿದೆ ಎಂದು ಮೊದಲೇ ಹೇಳಬೇಕಿತ್ತು. ಹೇಳಲು ನಾಚಿಕೆಯಾಯಿತು.

ನನ್ನ ಕೆಲಸ ನಿಮಗೆ ಗೊತ್ತೇ ಇದೆ. ಹಾಲಿನಲ್ಲಿರುವ ಸಕ್ಕರೆಯನ್ನು ಒಡೆಯುವ ಕಿಣ್ವ. ಅದಿಲ್ಲದ್ದಕ್ಕೇ ಹಾಲು ಕುಡಿದರೆ ನಿಮ್ಮ ಹೊಟ್ಟೆ ಗುಡುಗುತ್ತದೆ. ಅದನ್ನು ಹಾಲಿಗೆ ಸುಮ್ಮನೆ ಬೆರೆಸಿದರೆ ಒಂದೇ ಸಲದ ಕೆಲಸ, ಹಾಲಿನ ಜೊತೆಗೇ ಹೊರಟುಹೋಗುತ್ತದೆ. ಅದಕ್ಕೆ ಸ್ಪಂಜಿನ ಹಾಗೆ ಮೈತುಂಬ ತೂತಿರುವ ಸಣ್ಣ ಮಣಿಗಳ ಒಳಗೆ ಅದನ್ನು ಕೂರಿಸುತ್ತೇವೆ. ಆ ಮಣಿಗಳನ್ನು ಗಾಜಿನ ಕೊಳವೆಗೆ ತುಂಬಿ ಮೇಲಿಂದ ಹಾಲು ಹರಿಸಿದರೆ ಕಿಣ್ವ ಕೂತಲ್ಲೇ ಕೆಲಸ ಮಾಡುತ್ತದೆ. "ಅಂದ್ರೆ ಗುಮಾಸ್ತನ್ನ ಕುರ್ಚಿಗೆ ಕಟ್ಟಿಹಾಕಿ ಫೈಲು ತಳ್ಳೋದು ಅನ್ನು" ಎಂದು ನೀವು ನಕ್ಕಿದ್ದಿರಿ. ಅದೇ.

ನೆನೆಸಿಟ್ಟರೆ ಕಿಣ್ವ ಆ ತೂತುಗಳಿಗೆ ಇಳಿಯಲು ಒಂದೂವರೆ ದಿನ ಬೇಕು. ನಾನು ಆ ಓವನ್ನಿನಲ್ಲಿ ಹತ್ತು ಹತ್ತು ಸೆಕೆಂಡಿನಂತೆ ಹದಿನೆಂಟು ಸಲ, ನಡುನಡುವೆ ತಣಿಸುತ್ತಾ ಇಟ್ಟೆ. ಒಟ್ಟು ಮೂರು ನಿಮಿಷ. ಕಿಣ್ವ ಒಳಗೆ ಸೇರಿತು, ಸಾಯಲೂ ಇಲ್ಲ. ನಲವತ್ತು ಸಲ ಹಾಲು ಹರಿಸಿದರೂ ದಣಿಯಲಿಲ್ಲ. ಅದನ್ನೇ ಬರೆದು ಪ್ರಕಟಿಸಿದೆವು. ಅದರ ಮೇಲೆಯೇ ನನ್ನ ಪದವಿ ನಿಂತಿದೆ.

ಈಗ ಬೇರೆ ಎರಡು ಕಡೆಯವರು ನಾನು ಬರೆದ ಹಾಗೆಯೇ ಮಾಡಿ ನೋಡಿದ್ದಾರೆ. ಎಂಟುನೂರು ವ್ಯಾಟ್, ಅಷ್ಟೇ ಸೆಕೆಂಡು. ಅವರಲ್ಲಿ ಕಿಣ್ವ ಸತ್ತಿದೆ, ಮೊಟ್ಟೆಯ ಬಿಳಿ ಬೆಂದ ಹಾಗೆ. ನಮ್ಮ ಹೊಸ ಯಂತ್ರದಲ್ಲಿ ನಾನೇ ಮಾಡಿದೆ. ನನ್ನ ಕೈಯಲ್ಲೂ ಸತ್ತಿತು. ನಾನು ಅಂಕಿಗಳನ್ನು ಕಟ್ಟಿ ಬರೆದಿದ್ದೇನೆ ಎನ್ನುವುದು ಈಗಿನ ಮಾತು. ಏಪ್ರಿಲ್ ೨೦ಕ್ಕೆ ವಿಚಾರಣಾ ಸಮಿತಿ ಕೂರುತ್ತದೆ. ಸುಳ್ಳೆಂದು ತೀರ್ಮಾನವಾದರೆ ಪದವಿ ಹೋಗುತ್ತದೆ, ಮುಂದೆ ಯಾವ ಲ್ಯಾಬಿನ ಬಾಗಿಲೂ ನನಗೆ ತೆರೆಯುವುದಿಲ್ಲ.

ಉಳಿದಿರುವುದು ಆ ಓವನ್ ಒಂದೇ. ೨೭ನೇ ತಾರೀಕು ಸಮಿತಿಯ ಕಡೆಯಿಂದ ಇಬ್ಬರು ಅಂಗಡಿಗೆ ಬಂದು ಅದನ್ನು ಅಳೆಯುತ್ತಾರೆ. ನಿಮ್ಮಲ್ಲಿ ಒಂದೇ ಕೋರಿಕೆ ಅತ್ತೆ. ಅಲ್ಲಿಯವರೆಗೆ ದಯವಿಟ್ಟು ಅದನ್ನು ಬಿಚ್ಚಬೇಡಿ, ಇದ್ದ ಹಾಗೇ ಇರಲಿ.

ನಿಮ್ಮ ಚೀಟಿಯ ಮೇಲೆ ನನಗೆ ನಂಬಿಕೆ ಇದೆ. ತಪ್ಪು ನನ್ನ ಕೈಯದೇ ಇರಬೇಕು. ಎಲ್ಲಿ ಎಂದು ತಿಳಿದರೆ ಸಾಕು.

ನಿಮ್ಮ
ಫ್ಯೂಸು


ಮಾರ್ಚ್ ೨೮

ಫ್ಯೂಸು,

ಬಂದಿದ್ದರು. ಒಬ್ಬ ಉದ್ದ, ಒಬ್ಬ ಗಿಡ್ಡ, ಏಣಿಗೆ ಸ್ಟೂಲು ಕಟ್ಟಿದ ಹಾಗೆ. ಉದ್ದದವನ ತಲೆಗೆ ಮೇಲೆ ನೇತುಹಾಕಿದ್ದ ವೈರಿನ ಸುರುಳಿ ಹೊಡೆಯಿತು. ತಪ್ಪಾಯಿತು ಅಂತ ಸುರುಳಿಗೇ ಕೈ ಮುಗಿದ.

ಅಳತೆಯ ಜಾಡಿ, ಥರ್ಮಾಮೀಟರು ಎಲ್ಲ ಅವರೇ ತಂದಿದ್ದರು. ಒಂದು ಲೀಟರ್ ನೀರು, ಒಂದು ನಿಮಿಷ. ಮೂರು ಸಲ ಮಾಡಿದರು. ಮೂರು ಸಲವೂ ಹನ್ನೊಂದೂವರೆ ಡಿಗ್ರಿ ಏರಿತು. ಗಿಡ್ಡ ಲೆಕ್ಕ ಹಾಕಿ ಹೇಳಿದ, "ಎಂಟುನೂರಾ ಎರಡು. ಅಮ್ಮಾ, ನಿಮ್ಮ ಚೀಟಿ ಕರೆಕ್ಟಾಗಿದೆ ಕಣಮ್ಮ."

"ನಾನು ಬರೆದದ್ದು ಯಾವಾಗ ತಪ್ಪಿತ್ತಪ್ಪಾ?" ಅಂದೆ.

"ಮುಚ್ಚಳ ಬಿಚ್ಚಿ ನೋಡೋದೇನಾದ್ರೂ ಇದೆಯಾ?" ಅಂತ ಉದ್ದದವನು ಕೇಳಿದ.

"ಬಿಚ್ಚು. ಪ್ಲಗ್ ತೆಗೆದರೂ ಒಳಗೆ ಕರೆಂಟ್ ಉಳಿದಿರುತ್ತೆ. ಹೊಡೆದರೆ ನಿನ್ನಷ್ಟು ಉದ್ದದವನನ್ನ ಮಲಗಿಸೋಕೆ ನನ್ನ ಅಂಗಡಿಯಲ್ಲಿ ಜಾಗ ಇಲ್ಲ" ಅಂದೆ. ಇಬ್ಬರೂ ನಕ್ಕು, ಬರೆದುಕೊಂಡು, ಟೀ ಕುಡಿದು ಹೋದರು.

ಆಯಿತಲ್ಲ? ನಿನ್ನ ಪುಸ್ತಕದಲ್ಲಿ ಎಂಟುನೂರು, ಓವನ್ನಿನಲ್ಲಿ ಎಂಟುನೂರು. ಇನ್ನು ಯಾರಾದರೂ ಸುಳ್ಳು ಅಂದರೆ ಅವರ ಮುಖಕ್ಕೆ ಆ ವರದಿ ಹಿಡಿ. ಅತ್ತೆ ನಿನ್ನ ಕೈ ಬಿಡಲಿಲ್ಲ ಅಂತ ಗೊತ್ತಾಯಿತಲ್ಲ, ಸಾಕು. ಧೈರ್ಯವಾಗಿ ಇರು, ಹೊತ್ತಿಗೆ ಸರಿಯಾಗಿ ಉಣ್ಣು.

ನಾನೇಕೋ ನಿನ್ನೆಯಿಂದ ಸರಿಯಾಗಿ ಉಂಡಿಲ್ಲ. ವಯಸ್ಸು ಇರಬೇಕು.

ಅತ್ತೆ


ಏಪ್ರಿಲ್ ೫

ಅತ್ತೆಗೆ,

ವರದಿ ಬಂತು. ಓವನ್ ಸರಿಯಾಗಿಯೇ ಇದೆ. ಅಂದಮೇಲೆ ಸುಳ್ಳು ನಾನೇ.

ಅದು ನಿಮಗೆ ಹೊಳೆದಿಲ್ಲವೆಂದು ನಿಮ್ಮ ಕಾಗದ ನೋಡಿ ಗೊತ್ತಾಯಿತು. ತಪ್ಪು ನಿಮ್ಮದಲ್ಲ, ನಾನೇ ಬಿಡಿಸಿ ಹೇಳಿರಲಿಲ್ಲ. ಎಂಟುನೂರು ವ್ಯಾಟಿನಲ್ಲಿ ಆ ಕಿಣ್ವ ಬದುಕುವುದೇ ಇಲ್ಲ, ಮೂರು ಲ್ಯಾಬುಗಳಲ್ಲಿ ಅದು ಗೊತ್ತಾಗಿದೆ. ಓವನ್ ಕಡಿಮೆ ತೋರಿಸಿದ್ದರೆ ನಾನು ಬದುಕುತ್ತಿದ್ದೆ. ಈಗ ಏನೂ ಉಳಿದಿಲ್ಲ.

ಫಲಿತಾಂಶಗಳನ್ನು ಹಿಂತೆಗೆದುಕೊಳ್ಳುತ್ತೇನೆ ಎಂದು ಬರೆದು ಸಹಿ ಹಾಕಲು ಹೇಳಿದ್ದಾರೆ. ಸಮಿತಿಯ ಎದುರು ನಿಲ್ಲುವುದಕ್ಕಿಂತ ಅದೇ ಮೇಲೆಂದು ಹಾಕಿಬಿಡುವವಳಿದ್ದೇನೆ. ಅದಕ್ಕೆ ಮುಂಚೆ ನಿಮ್ಮೊಬ್ಬರಿಗೆ ಎರಡು ವಿಷಯ ಹೇಳಬೇಕು.

ಒಂದು. ನನ್ನ ಲೇಖನದಲ್ಲಿ "ಓವನ್ನಿನ ಶಕ್ತಿಯನ್ನು ನಾವೇ ಅಳೆದೆವು" ಎಂದು ಬರೆದಿದ್ದೇನೆ. ಅಳೆದಿರಲಿಲ್ಲ. ನಿಮ್ಮ ಚೀಟಿ ನೋಡಿ ಬರೆದೆ. ಹತ್ತು ನಿಮಿಷದ ಕೆಲಸ ಅದು. ಮಾಡಲಿಲ್ಲ. ಈ ಮಾತನ್ನು ಇದುವರೆಗೆ ಮೇಡಂಗೂ ಹೇಳಿಲ್ಲ.

ಎರಡು. ನೀವು ಎತ್ತುವುದಿಲ್ಲ ಅಂದ ಮಾತು. ಅವತ್ತು ನೀವು ಓವನ್ ಹೊತ್ತು ಮೂರು ಮಹಡಿ ಹತ್ತಿ ಬಂದಿರಿ. ಕೈಗೆಲ್ಲ ಗ್ರೀಸ್ ಆಗಿತ್ತು. ಮೇಡಂ "ಇವರು ಯಾರು?" ಎಂದು ಕೇಳಿದರು. ನಾನು "ಟೆಕ್ನಿಷಿಯನ್" ಎಂದೆ. ಅತ್ತೆ ಎನ್ನಲು ಬಾಯಿ ಬರಲಿಲ್ಲ.

ಈಗ ನನ್ನ ಕಣ್ಣನ್ನೇ ನಾನು ನಂಬುತ್ತಿಲ್ಲ. ಬೇಕಾದ್ದನ್ನೇ ನೋಡಿದೆನೋ, ಕೊಳವೆ ಸರಿಯಾಗಿ ತೊಳೆದಿರಲಿಲ್ಲವೋ ಎನಿಸುತ್ತದೆ. ನೆನಪಿದೆಯಾ, ಆಗ ಯಾರಿಗೂ ಹೇಳದೆ ಆ ಕೊಳವೆಯಲ್ಲಿ ಹರಿಸಿದ ಹಾಲನ್ನು ಒಂದು ವಾರ ನಿಮಗೆ ತಂದುಕೊಟ್ಟಿದ್ದೆ. "ಹೊಟ್ಟೆ ತಣ್ಣಗಿದೆ ಕಣೇ, ಗುಡುಗೇ ಇಲ್ಲ" ಎಂದಿರಿ. ನನ್ನ ಮನಸ್ಸಿಗೆ ನೋವಾಗಬಾರದೆಂದು ಹಾಗೆ ಅಂದಿರಾ? ಅಂದಿದ್ದರೂ ಪರವಾಗಿಲ್ಲ.

ಇದಕ್ಕೆ ಉತ್ತರ ಬೇಡ. ಫೋನೂ ಬೇಡ. ಅಪ್ಪನಿಗೆ ನಾನೇ ಹೇಳುತ್ತೇನೆ.

ಫ್ಯೂಸು


ಏಪ್ರಿಲ್ ೯

ಫ್ಯೂಸು,

ಉತ್ತರ ಬೇಡ ಅಂದೆ. ಬೇಡ ಅನ್ನಲು ನೀನ್ಯಾರು? ಬರೆ ಬರೆ ಅಂತ ಬರೆಸಲು ಶುರು ಮಾಡಿದವಳು ನೀನು, ಈಗ ಕೂತು ಓದು. ಅಂಗಡಿಯ ಬಾಗಿಲು ಅರ್ಧ ಎಳೆದು ಬರೆಯುತ್ತಿದ್ದೇನೆ. ಹೊರಗೆ ಯಾರೋ ಇಸ್ತ್ರಿಪೆಟ್ಟಿಗೆ ಹಿಡಿದು ನಿಂತಿದ್ದಾರೆ. ನಿಲ್ಲಲಿ.

ಮೊದಲು ಹೊಟ್ಟೆಯ ವಿಷಯ. ನನ್ನ ಹೊಟ್ಟೆ ಸುಳ್ಳು ಹೇಳಲಿಲ್ಲ. ಸುಳ್ಳು ಹೇಳಿದ್ದು ನನ್ನ ಕೈ.

ಅವತ್ತು ಆ ಓವನ್ನಿನ ಕೆಪಾಸಿಟರ್ ಹೊಟ್ಟೆ ಉಬ್ಬಿ ಒಡೆದಿತ್ತು. ಕೆಪಾಸಿಟರ್ ಅಂದರೆ ಒಳಗೆ ಕರೆಂಟ್ ಕೂಡಿಟ್ಟು ತಳ್ಳುವ ಡಬ್ಬಿ, ಅದು ಎಷ್ಟು ದೊಡ್ಡದೋ ಓವನ್ನಿಗೆ ಅಷ್ಟು ಕಾವು. ಆ ಓವನ್ನಿಗೆ ಬೇಕಾದದ್ದು ೧.೦೫ ಮೈಕ್ರೋಫ್ಯಾರಡ್ಡಿನದು. ಅಂಗಡಿಗಳಲ್ಲೆಲ್ಲ ಕೇಳಿದೆ, ಗುರುವಾರ ಬರುತ್ತದೆ ಅಂದರು. ನಿನಗೆ ಸೋಮವಾರ ಬೆಳಿಗ್ಗೆಯೇ ಬೇಕು. ನೀನು ಬಾಗಿಲಲ್ಲಿ ನಿಂತು ಕೇಳಿದ ರೀತಿಗೆ ಇಲ್ಲ ಅನ್ನಲಾಗಲಿಲ್ಲ. ಮೆಟ್ಟಿಲಿಂದ ಬಿದ್ದು ಹಾಳಾದ ಒಂದು ಚಿಕ್ಕ ಓವನ್ ನನ್ನಲ್ಲಿತ್ತು. ಅದರದ್ದನ್ನು ಬಿಚ್ಚಿ ನಿನ್ನದಕ್ಕೆ ಹಾಕಿದೆ. ಅದು ೦.೬೫. ದೀಪ ಹತ್ತಿತು, ತಟ್ಟೆ ತಿರುಗಿತು, ಲೋಟದ ನೀರು ಬಿಸಿಯಾಯಿತು. ಇವರೇನು ಅಡುಗೆ ಮಾಡುತ್ತಾರಾ, ಯಾರಿಗೆ ಗೊತ್ತಾಗುತ್ತದೆ ಅಂದುಕೊಂಡೆ. ಗುರುವಾರ ಬಂದು ಬದಲಿಸಿದರಾಯಿತು ಅಂತಲೂ ಅಂದುಕೊಂಡೆ. ಗುರುವಾರ ಬಂತು, ಹೋಯಿತು.

ಹಾಗಾದರೆ ಹೊಸ ಪಾರ್ಟ್, ನೀರಿಟ್ಟು ನೋಡಿದೆ ಅಂತ ಯಾಕೆ ಬರೆದೆ ಅಂತ ಕೇಳು. ಕೇಳದಿದ್ದರೂ ಹೇಳುತ್ತೇನೆ. ನೀನು "ಟೆಕ್ನಿಷಿಯನ್" ಅಂದೆಯಲ್ಲ, ನನಗೆ ಚುರ್ ಅಂತು, ನಿಜ. ಆದರೆ ಆ ಮಾತಿಗೇ ನಿನ್ನ ಮೇಡಂ ಎದ್ದು ನನಗೆ ಕುರ್ಚಿ ಎಳೆದುಕೊಟ್ಟರು. "ನೀವೇ ಬರೆದು ಸಹಿ ಹಾಕಿಕೊಡಿ, ನಮ್ಮ ರೆಕಾರ್ಡಿಗೆ ಅಂಟಿಸ್ತೀವಿ" ಅಂದರು. ಅಷ್ಟು ಓದಿದವರ ಪುಸ್ತಕದಲ್ಲಿ ಆರನೇ ಕ್ಲಾಸಿನವಳ ಸಹಿ. ಆ ಕುರ್ಚಿಯಲ್ಲಿ ಕೂತು "ಹಳೇದು ಹಾಕಿದ್ದೇನೆ, ಅಳೆದಿಲ್ಲ" ಅಂತ ಬರೆಯಲು ಕೈ ಬರಲಿಲ್ಲ. ನಿನಗೆ ಬಾಯಿ ಬರಲಿಲ್ಲ, ನನಗೆ ಕೈ ಬರಲಿಲ್ಲ. ಒಂದೇ ಕೋಣೆಯಲ್ಲಿ ಅತ್ತೆ ಸೊಸೆ ಇಬ್ಬರೂ ಒಳ್ಳೆ ಜೋಡಿ.

ಇಷ್ಟೇ ಆಗಿದ್ದರೆ ಮರೆತು ತಪ್ಪು ಮಾಡಿದಳು ಮುದುಕಿ ಅಂತ ಬಿಡಬಹುದಿತ್ತು. ಇದಕ್ಕಿಂತ ಹೊಲಸು ಇದೆ. ಬರೆಯುವುದಕ್ಕೆ ಮುಂಚೆ ಎದ್ದು ನೀರು ಕುಡಿದು ಬಂದೆ.

ಬಿಚ್ಚಬೇಡಿ ಅಂತ ನೀನು ಬರೆದ ಕಾಗದ ಕೈಗೆ ಸಿಕ್ಕಿದ ದಿನವೇ ಬಿಚ್ಚಿದೆ. ಅವರು ಬಂದು ಅಳೆದು ಕಡಿಮೆ ಅಂದುಬಿಟ್ಟರೆ ನನ್ನ ಚೀಟಿ ಸುಳ್ಳಾಗುತ್ತದೆ, ನನ್ನಿಂದ ನೀನು ಮುಳುಗುತ್ತೀಯ ಅಂತ ಭಯ ಬಿತ್ತು. ೧.೦೫ ತಂದು ಹಾಕಿದೆ. ನೀರಿಟ್ಟು ನೋಡಿದೆ, ಹನ್ನೊಂದೂವರೆ. ಮೂರು ವರ್ಷದ ಹಿಂದೆ ಮಾಡಬೇಕಾದ ಪರೀಕ್ಷೆಯನ್ನು ಅವತ್ತು ಮಾಡಿದೆ. ಚೀಟಿ ನಿಜವಾಯಿತು, ಮಗು ಉಳಿಯಿತು ಅಂತ ಬೀಗಿದೆ. ಆ ಉದ್ದದವನ ಎದುರು ಎಷ್ಟು ಜೋರು ಮಾಡಿದೆ! ಕರೆಂಟಿನ ಹೆದರಿಕೆ ಹಾಕಿದ್ದು ಅವನ ಪ್ರಾಣಕ್ಕಲ್ಲ, ಮುಚ್ಚಳ ತೆಗೆಯದೆ ಇರಲಿ ಅಂತ. ಓವನ್ ಕಡಿಮೆ ತೋರಿಸಿದ್ದರೆ ನಾನು ಬದುಕುತ್ತಿದ್ದೆ ಅಂತ ನೀನು ಬರೆದ ಸಾಲನ್ನು ನಾಲ್ಕು ಸಲ ಓದಿದೆ. ನಾಲ್ಕನೇ ಸಲಕ್ಕೆ ಅರ್ಥವಾಯಿತು, ಆ ಚಿಕ್ಕ ಡಬ್ಬಿಯಿಂದ ಕಾವು ಕಡಿಮೆ ಇದ್ದದ್ದಕ್ಕೇ ನಿನ್ನ ಕಿಣ್ವ ಬದುಕಿತ್ತು ಅಂತ. ನಿನ್ನನ್ನು ಉಳಿಸುವ ವಸ್ತುವನ್ನು ನನ್ನ ಕೈಯಾರೆ ಬಿಚ್ಚಿ ಡಬ್ಬಿಗೆ ಹಾಕಿ, ಗೆದ್ದೆವು ಅಂತ ನಿನಗೆ ಕಾಗದ ಬರೆದಿದ್ದೇನೆ. ಇಸ್ತ್ರಿಪೆಟ್ಟಿಗೆಯವರಿಗೂ ಈಗ ಮುಖ ತೋರಿಸಲಾಗುತ್ತಿಲ್ಲ.

ಮುಚ್ಚಳ ಯಾಕೆ ತೆಗೆಯಬಾರದಿತ್ತು ಅಂತ ಕೇಳು. ನಿನ್ನ ಮಾವನದೊಂದು ಪದ್ಧತಿ ಇತ್ತು. ಯಾವುದೇ ಮಶೀನಿಗೆ ಏನು ಮಾಡಿದರೂ ಮುಚ್ಚಳದ ಒಳಬದಿಯಲ್ಲಿ ಮಾರ್ಕರ್ ಪೆನ್ನಿನಲ್ಲಿ ತಾರೀಕು ಹಾಕಿ ಒಂದು ಸಾಲು ಬರೆಯುವುದು. "ಚೀಟಿ ಗಿರಾಕಿಗೆ, ಇದು ಮುಂದೆ ಬಿಚ್ಚೋನಿಗೆ. ಅವನಿಗೆ ನಾವು ಕತ್ತಲೆ ಬಿಟ್ಟು ಹೋಗಬಾರದು" ಅನ್ನುತ್ತಿದ್ದರು. ಆ ಓವನ್ ನಿನ್ನ ಲ್ಯಾಬಿಗೆ ಹೋಗುವ ಮುಂಚೆ ಇದೇ ಅಂಗಡಿಯಲ್ಲಿತ್ತು, ಅದರೊಳಗೆ ಅವರದೊಂದು ಸಾಲು ಇದೆ, ಬಾಗಿಲ ಸ್ವಿಚ್ ಬದಲಿಸಿದ್ದು. ಅದರ ಕೆಳಗೆ ನನ್ನದು. ಚೀಟಿಯಲ್ಲಿ ಸುಳ್ಳು ಬರೆಯುವ ಹಿಂದಿನ ದಿನ ಅಭ್ಯಾಸಬಲದಿಂದ ನಿಜ ಬರೆದಿದ್ದೆ. "ಚಿಕ್ಕದು ಹಾಕಿದೆ, ೦.೬೫. ದೊಡ್ಡದು ಸಿಕ್ಕಾಗ ಬದಲಿಸಬೇಕು." ತಾರೀಕೂ ಇದೆ.

ಮಾರ್ಚಿನಲ್ಲಿ ಬಿಚ್ಚಿದಾಗ ಬಟ್ಟೆಗೆ ಥಿನ್ನರ್ ಹಾಕಿ ಅದನ್ನು ಒರೆಸಲು ಹೋದೆ. ಇದನ್ನೂ ಬರೆಯುತ್ತೇನೆ, ಬಿಡುವುದಿಲ್ಲ. ಬಟ್ಟೆ ಮೊದಲು ತಗುಲಿದ್ದು ಮಾವನ ಸಾಲಿಗೆ. ಅವರ "ಬದಲಿಸಿದೆ" ಅನ್ನುವುದರ ಬಾಲ ಕಲಸಿಹೋಯಿತು. ಬಟ್ಟೆ ಎಸೆದು ಮುಚ್ಚಳ ಮುಚ್ಚಿಬಿಟ್ಟೆ. ದೊಡ್ಡದು ಹಾಕಿದ್ದಕ್ಕೆ ಒಳಗೆ ಸಾಲು ಬರೆಯಲಿಲ್ಲ. ಈ ಅಂಗಡಿಯಲ್ಲಿ ಬರೆಯದೆ ಮುಚ್ಚಿದ ಮುಚ್ಚಳ ಅದೊಂದೇ.

ಈಗ ಕೇಳು, ಅಳುವುದನ್ನು ಆಮೇಲೆ ಇಟ್ಟುಕೋ. ಆ ೦.೬೫ ನನ್ನ ಡಬ್ಬಿಯಲ್ಲಿದೆ. ಒಳಗಿನ ನನ್ನ ಸಾಲು ಹಾಗೇ ಇದೆ. ಓವನ್ನನ್ನು ನಾನು ಇನ್ನು ಮುಟ್ಟುವುದಿಲ್ಲ, ಅದರ ಮೇಲಿನ ಊಟದ ಡಬ್ಬಿಯನ್ನೂ ಇಳಿಸಿದ್ದೇನೆ. ಆ ಉದ್ದ ಗಿಡ್ಡ ಇಬ್ಬರನ್ನೂ, ನಿನ್ನ ಮೇಡಂನೂ ಕರೆದುಕೊಂಡು ಬಾ. ಅವರ ಎದುರಿಗೆ ಮುಚ್ಚಳ ಬಿಚ್ಚುತ್ತೇನೆ, ಓದಲಿ. ಅವರ ಎದುರಿಗೇ ಚಿಕ್ಕದನ್ನು ವಾಪಸು ಹಾಕುತ್ತೇನೆ. ಒಂದು ಲೀಟರ್ ನೀರಿಡಲಿ. ನನ್ನ ಅಂದಾಜಿಗೆ ಏಳು ಡಿಗ್ರಿ ಏರುತ್ತದೆ, ಅಂದರೆ ಐನೂರು ವ್ಯಾಟೂ ಮುಟ್ಟುವುದಿಲ್ಲ. ಅಂದಾಜು ಅಂತಲೇ ಬರೆದಿದ್ದೇನೆ ನೋಡು. ಆಮೇಲೆ ನೀನು ನಿನ್ನ ಮಣಿ, ನಿನ್ನ ಕಿಣ್ವ ತಂದು ಅವರ ಕಣ್ಣೆದುರು ನಿನ್ನ ಕೈಯಿಂದಲೇ ಮಾಡು. ಹತ್ತು ಸೆಕೆಂಡು, ಹದಿನೆಂಟು ಸಲ. ಬದುಕಿದರೆ ಬದುಕಿತು. ನನ್ನ ಹೊಟ್ಟೆಗೆ ಗೊತ್ತು, ಬದುಕುತ್ತದೆ.

ಈ ಕಾಗದ ಅವರಿಗೆ ತೋರಿಸು. ಇಡೀ ಕಾಗದ. ಒರೆಸಲು ಹೋದದ್ದನ್ನು ಮರೆಮಾಡಿ ಮುದುಕಿಯ ಮಾನ ಉಳಿಸುತ್ತೇನೆ ಅಂತ ಹಾಳೆ ಹರಿದೆಯೋ, ನೋಡು ಮತ್ತೆ.

"ನಾವೇ ಅಳೆದೆವು" ಅಂತ ನೀನು ಬರೆದದ್ದು ಇದೆಯಲ್ಲ, ಅದನ್ನು ನೀನೇ ನಿನ್ನ ಬಾಯಿಂದ ಹೇಳು. ಅದು ನಿನ್ನದು. ಅದನ್ನು ನಾನು ಹೊರುವುದಿಲ್ಲ. ನನ್ನದನ್ನು ನೀನು ಹೊರಬೇಡ. ಎರಡನ್ನೂ ಒಟ್ಟಿಗೆ ಮೇಜಿನ ಮೇಲೆ ಇಟ್ಟರೆ ಬೈಯುತ್ತಾರೆ, ಬೈಸಿಕೊಳ್ಳೋಣ. ಮಾಡದ ತಪ್ಪಿಗೆ ಮಾತ್ರ ಸಹಿ ಹಾಕಬೇಡ. ಸಹಿ ಅಂದರೆ ಏನು ಅಂತ ನನಗೆ ಈಗ ಗೊತ್ತಾಗಿದೆ, ಅದಕ್ಕೆ ಹೇಳುತ್ತಿದ್ದೇನೆ.

ಏಪ್ರಿಲ್ ಹದಿನಾರರ ಒಳಗೆ ಉತ್ತರ ನನ್ನ ಕೈಯಲ್ಲಿರಬೇಕು. ಕಾಗದದಲ್ಲೇ. ಬರದಿದ್ದರೆ ಇಪ್ಪತ್ತನೇ ತಾರೀಕು ಓವನ್ ಹೊತ್ತುಕೊಂಡು ಆ ಮೂರು ಮಹಡಿ ಹತ್ತಿ ಬಂದು ಸಮಿತಿಯ ಬಾಗಿಲಲ್ಲಿ ಕೂರುತ್ತೇನೆ. ಇವರು ಯಾರು ಅಂತ ಕೇಳುತ್ತಾರೆ. ಏನು ಹೇಳುತ್ತೀಯ ಅನ್ನುವುದನ್ನೂ ಅದರಲ್ಲೇ ಬರೆ.

ಹದಿನಾರು.

ಅತ್ತೆ